ಹತ್ತು ಕಡಿಮೆ ಬಂದ ಲೆಕ್ಕ

ಹೊಸ ಸಂಗನಹೊಳೆಯ ಶಾಲೆಯ ಪಡಸಾಲೆಯಲ್ಲಿ ನಿಂತರೆ ನೀರು ಕಾಣುತ್ತಿತ್ತು. ಹರಿಯುವ ನೀರಲ್ಲ, ನಿಂತ ನೀರು. ಸವದತ್ತಿಯ ಆಚೆ ಗುಡ್ಡಗಳ ನಡುವೆ ಆಣೆಕಟ್ಟು ಮುಗಿದ ಮೇಲೆ ಮಲಪ್ರಭೆ ಹಿಂದಕ್ಕೆ ತುಂಬುತ್ತ ಬಂದು, ಎರೆ ಹೊಲಗಳನ್ನು ಏರಿ, ಕೊನೆಗೆ ಹಳೆಯ ಸಂಗನಹೊಳೆಯ ಮನೆಗಳಲ್ಲಿ ಬಂದು ಕುಳಿತಿತ್ತು. ಊರಿನವರು ಅದಕ್ಕೂ ಮೊದಲೇ ಬಾಗಿಲು, ತೊಲೆ, ಕಂಬಗಳನ್ನು ಕಳಚಿ ಚಕ್ಕಡಿಗಳಲ್ಲಿ ಹೇರಿಕೊಂಡು ಮೇಲಿನ ಮರಡಿಗೆ ಬಂದಿದ್ದರು. ಅಲ್ಲಿ ಓಣಿಗಳು ಪಟ್ಟಿ ಹಿಡಿದು ಎಳೆದ ಗೆರೆಗಳ ಹಾಗೆ ನೇರವಾಗಿದ್ದವು. ಮರಗಳಿರಲಿಲ್ಲ. ಮುಂಜಾನೆಯ ಬಿಸಿಲಿಗೆ ನೀರಿನ ಬೆಳಕು ಶಾಲೆಯ ಒಳಗೋಡೆಯ ಮೇಲೆ ಬಂದು ನಡುಗುತ್ತಿತ್ತು. ಒಂದನೆಯ ಇಯತ್ತೆಯ ಮಕ್ಕಳು ಪಾಟಿ ಕೆಳಗಿಟ್ಟು ಅದನ್ನೇ ನೋಡುತ್ತ ಕೂಡುತ್ತಿದ್ದರು. ಇಂದಿರಾಬಾಯಿ ಅವರನ್ನು ಗದರಿಸುತ್ತಿರಲಿಲ್ಲ. ಅವರೂ ಅದನ್ನೇ ನೋಡುತ್ತಿದ್ದರು.

ಇಂದಿರಾಬಾಯಿಗೆ ಆಗ ನಾಲ್ವತ್ತಾರು ವರ್ಷ. ರಾಮದುರ್ಗದ ಪುರೋಹಿತರ ಮನೆಯ ಮಗಳು. ಮದುವೆಯಾದ ಎರಡನೆಯ ವರ್ಷಕ್ಕೆ ಗಂಡ ತೀರಿಕೊಂಡಾಗ ಅವರ ಅಪ್ಪ ಯಾರ ಮಾತನ್ನೂ ಕೇಳದೆ ಮಗಳನ್ನು ಧಾರವಾಡಕ್ಕೆ ಕಳಿಸಿ ಮಾಸ್ತರಿಕೆಯ ಟ್ರೇನಿಂಗ್ ಮಾಡಿಸಿದ್ದರು. ಹಳೆಯ ಊರಿನ ಹೆಣ್ಣುಮಕ್ಕಳ ಶಾಲೆಗೆ ಬಂದವರು ಹದಿನೆಂಟು ವರ್ಷ ಅಲ್ಲೇ ಉಳಿದರು. ಊರಿಗೆಲ್ಲ ಅವರು ಅಕ್ಕೋರು.

ಆ ಶಾಲೆಗೂ ಗಂಡುಮಕ್ಕಳ ಶಾಲೆಗೂ ನಡುವೆ ಇದ್ದದ್ದು ಒಂದೇ ಮಣ್ಣಿನ ಗೋಡೆ. ಗೋಡೆಯ ಆಚೆ, ಹೂಲಿಯಿಂದ ಬಂದ ನಿಜಗುಣಪ್ಪ ಮಾಸ್ತರು ಕಾಲು, ಅರ್ಧ, ಮುಕ್ಕಾಲಿನ ಮಗ್ಗಿಗಳನ್ನು ರಾಗವಾಗಿ ಹೇಳಿಸುತ್ತಿದ್ದರು. ಮಧ್ಯಾಹ್ನದ ಹೊತ್ತು ಆ ರಾಗ ಗೋಡೆ ದಾಟಿ ಬಂದರೆ ಈಚೆಯ ಹುಡುಗಿಯರಿಗೆ ತೂಕಡಿಕೆ ಬರುತ್ತಿತ್ತು. ಹದಿನೆಂಟು ವರ್ಷದಲ್ಲಿ ಒಬ್ಬರ ತರಗತಿಯೊಳಗೆ ಇನ್ನೊಬ್ಬರು ಒಂದು ದಿನವೂ ಕಾಲಿಟ್ಟಿರಲಿಲ್ಲ. ಎದುರಾದರೆ ನಮಸ್ಕಾರ, ಮಳೆಬೆಳೆಯ ಮಾತು, ಅಷ್ಟೆ.

ಹೊಸ ಊರಿನಲ್ಲಿ ಎರಡೂ ಶಾಲೆಗಳನ್ನು ಕೂಡಿಸಿ ಒಂದೇ ಮಾಡಬೇಕೆಂದು ಆದೇಶ ಬಂತು. ಒಂದನೆಯ ಮತ್ತು ಎರಡನೆಯ ಇಯತ್ತೆ ಇಂದಿರಾಬಾಯಿಗೆ. ನಾಲ್ಕು ಮತ್ತು ಐದು ನಿಜಗುಣಪ್ಪನವರಿಗೆ. ವಯಸ್ಸಿನಲ್ಲಿ ಹಿರಿಯರಾದ್ದರಿಂದ ಹೆಡ್ ಮಾಸ್ತರಿಕೆಯೂ ಅವರದೇ. ನಡುವಿನ ಮೂರನೆಯ ಇಯತ್ತೆಗೆ ಬೈಲಹೊಂಗಲದಿಂದ ಕೃಷ್ಣಾಜಿ ಎಂಬ ಇಪ್ಪತ್ತಮೂರರ ತರುಣ ಬಂದ. ಹೊಸ ಗಣಿತದ ತರಬೇತಿ ಮುಗಿಸಿ ಆಗಷ್ಟೇ ಬಂದವನು. ಮಕ್ಕಳು ಅವನನ್ನು ಸಣ್ಣ ಸರ್ ಎಂದು ಕರೆದರು.

ಆ ವರ್ಷಗಳಲ್ಲಿ ರಾಜ್ಯದ ಹೆಸರೇ ಹೊಸದಾಗಿತ್ತು, ಶಾಲೆಯೊಳಗಿನದೆಲ್ಲ ಹೊಸದಾಗಬೇಕೆಂಬ ಅವಸರವೂ ಇತ್ತು. ಪ್ರತಿ ಜೂನ್‌ನಲ್ಲಿ ಒಂದು ಸುತ್ತೋಲೆ ಬರುತ್ತಿತ್ತು. ತಕಲಿಯಲ್ಲಿ ನೂಲಿಸುವುದನ್ನು ಬಿಟ್ಟು ತೋಟ ಮಾಡಿಸಿರಿ ಎಂದಿತು ಒಂದು. ಕಾಲು-ಅರ್ಧದ ಮಗ್ಗಿ ಇನ್ನು ಬೇಡ, ದಶಾಂಶ ಕಲಿಸಿರಿ ಎಂದಿತು ಇನ್ನೊಂದು. ಪಾಠದ ಟಿಪ್ಪಣಿಯಲ್ಲಿ ಐದು ಕಾಲಮುಗಳಿದ್ದವು, ಏಳಾದವು. ಹೊಸ ಪುಸ್ತಕ ಬಂದರೆ ಅದರ ಕೈಪಿಡಿ ಬರುತ್ತಿರಲಿಲ್ಲ. ಒಂದೇ ಲೆಕ್ಕಕ್ಕೆ ಶಾಲೆಯಲ್ಲಿ ಮೂರು ಹೆಸರುಗಳಾಗಿದ್ದವು. ಇಂದಿರಾಬಾಯಿ ಅದನ್ನು ಕಳೆಯುವ ಲೆಕ್ಕ ಎನ್ನುತ್ತಿದ್ದರು, ನಿಜಗುಣಪ್ಪ ವಜಾಬಾಕಿ ಎನ್ನುತ್ತಿದ್ದರು, ಕೃಷ್ಣಾಜಿಯ ಪುಸ್ತಕದಲ್ಲಿ ಅದು ವ್ಯವಕಲನ. ಮಕ್ಕಳು ಮೂರಕ್ಕೂ ತಲೆಯಾಡಿಸುತ್ತಿದ್ದರು.

ಎಪ್ಪತ್ತಾರನೆಯ ಇಸವಿಯ ಫೆಬ್ರುವರಿಯಲ್ಲಿ ಶಿಕ್ಷಣ ಇಲಾಖೆಯ ಸಾಹೇಬರು ತಪಾಸಣೆಗೆ ಬಂದರು. ನಾಲ್ಕನೆಯ ಇಯತ್ತೆಗೆ ಹೋಗಿ, ಐವತ್ತೆರಡರಲ್ಲಿ ಇಪ್ಪತ್ತೆಂಟು ಕಳೆಯಿರಿ ಎಂದರು. ಇಪ್ಪತ್ತೆರಡು ಮಕ್ಕಳು ಪಾಟಿ ಎತ್ತಿ ಹಿಡಿದರು. ಒಂಬತ್ತು ಪಾಟಿಗಳ ಮೇಲೆ ಹದಿನಾಲ್ಕು ಎಂದಿತ್ತು. ಸಾಹೇಬರು ಅರವತ್ತಮೂರರಲ್ಲಿ ಇಪ್ಪತ್ತೇಳು ಕಳೆಯಲು ಹೇಳಿದರು. ಅದೇ ಒಂಬತ್ತು ಮಂದಿ ಇಪ್ಪತ್ತಾರು ಎಂದು ಬರೆದರು. ಮೂವತ್ತಾರು ಬರಬೇಕಾಗಿತ್ತು. ಸಾಹೇಬರು ಚಹಾ ಕುಡಿದು, ಭೇಟಿ ಪುಸ್ತಕದಲ್ಲಿ ದುಂಡಗಿನ ಅಕ್ಷರದಲ್ಲಿ ಶೇರಾ ಬರೆದರು: ನಾಲ್ಕನೆಯ ಇಯತ್ತೆಯ ಗಣಿತ ಅಸಮಾಧಾನಕರ, ಮುಂದಿನ ತಪಾಸಣೆಯೊಳಗೆ ಸುಧಾರಿಸತಕ್ಕದ್ದು.

ಅವರ ಜೀಪು ಮರಡಿ ಇಳಿದು ಹೋಗುವವರೆಗೂ ನಿಜಗುಣಪ್ಪ ಬಾಗಿಲಲ್ಲೇ ನಿಂತಿದ್ದರು. ಇಪ್ಪತ್ತೆಂಟು ವರ್ಷದ ನೌಕರಿಯಲ್ಲಿ ಅಂಥ ಶೇರಾ ಅವರ ಹೆಸರಿಗೆ ಬಿದ್ದಿರಲಿಲ್ಲ.

"ಎರಡು ವರ್ಷ ನಿಮ್ಮ ಕೈಯಾಗ ಇದ್ದ ಮಕ್ಳು ಇವು, ಅಕ್ಕೋರ," ಎಂದರು ಒಳಗೆ ಬಂದು. "ಬುನಾದಿ ಗಟ್ಟಿ ಇಲ್ಲಂದ್ರ ನಾ ಮ್ಯಾಲ ಏನು ಕಟ್ಟಲಿ?"

"ನನ್ನ ಕಡೆ ಇದ್ದಾಗ ಇವಕ್ಕ ಬರತಿತ್ತು," ಎಂದರು ಇಂದಿರಾಬಾಯಿ. "ನಿಮ್ಮ ಕಡೆ ಬಂದಮ್ಯಾಲೆ ತಪ್ಪಲಿಕ್ಕೆ ಹತ್ಯಾವ."

ಕೃಷ್ಣಾಜಿ ಇಬ್ಬರ ಮುಖವನ್ನೂ ನೋಡದೆ ಆ ಒಂಬತ್ತು ಪಾಟಿಗಳನ್ನು ನೆಲದ ಮೇಲೆ ಸಾಲಾಗಿ ಇಟ್ಟುಕೊಂಡು ಕುಳಿತಿದ್ದ. "ಒಂದು ಮಾತ್ರಿ," ಎಂದ ಸ್ವಲ್ಪ ಹೊತ್ತಿನ ಮೇಲೆ. "ಇಪ್ಪತ್ತನಾಕು ಬರೋದು ಹದಿನಾಕು ಬಂದದ. ಮೂವತ್ತಾರು ಬರೋದು ಇಪ್ಪತ್ತಾರು ಬಂದದ. ಎಲ್ಲಾ ಬರೋಬ್ಬರಿ ಹತ್ತು ಕಡಿಮಿ ಅದಾವ. ಸುಮ್ಮನ ತಪ್ಪಿದ್ರ ಒಬ್ಬೊಬ್ಬರದು ಒಂದೊಂದು ಬರಬೇಕಿತ್ತಲ್ರಿ."

"ಒಬ್ಬರದು ನೋಡಿ ಒಬ್ಬರು ಬರದಿರತಾವು," ಎಂದು ನಿಜಗುಣಪ್ಪ ಟೊಪ್ಪಿಗೆ ಹಾಕಿಕೊಂಡು ಹೊರಟುಹೋದರು.

ಮರುದಿನ ಮಧ್ಯಾಹ್ನದ ಸೂಟಿಯಲ್ಲಿ ಇಂದಿರಾಬಾಯಿ ಆ ಒಂಬತ್ತು ಮಕ್ಕಳಲ್ಲಿ ಒಬ್ಬಳಾದ ಶಟ್ಟೆವ್ವನನ್ನು ಪಡಸಾಲೆಗೆ ಕರೆದರು. ಒಂಬತ್ತು ವರ್ಷದ ಹುಡುಗಿ. ಎರಡು ವರ್ಷ ಅವರ ಕೈಯಲ್ಲೇ ಕಲಿತವಳು, ಹೇಳಿದ್ದನ್ನು ಚಾಚೂ ತಪ್ಪದೆ ಮಾಡುವವಳು. ಅವಳನ್ನು ಎದುರಿಗೆ ಕೂರಿಸಿಕೊಂಡು, ಅದೇ ಲೆಕ್ಕ ಕೊಟ್ಟು, "ಬಾಯಿಲೆ ಹೇಳಿಕೋತ ಮಾಡು, ಅವಸರ ಇಲ್ಲ," ಎಂದರು.

ಶಟ್ಟೆವ್ವ ಐವತ್ತೆರಡು ಬರೆದು ಅದರ ಕೆಳಗೆ ಇಪ್ಪತ್ತೆಂಟು ಬರೆದಳು. "ಎರಡರಾಗ ಎಂಟು ಹೋಗೂದಿಲ್ರಿ. ಬಾಜೂಮನಿ ಐದರ ಕಡೆ ಹೋಗಿ ಒಂದು ಕಡ ತರತೇನ್ರಿ. ಐದು ಇದ್ದದ್ದು ನಾಕಾತು. ಹನ್ನೆರಡರಾಗ ಎಂಟು ಹೋದ್ರ ನಾಕು." ನಾಲ್ಕು ಬರೆದಳು. "ಇಲ್ಲಿತನಾ ನಿಮ್ಮದ್ರಿ."

"ಮುಂದ?"

"ಮುಂದ ಮಾಸ್ತರದ್ರಿ. ಮ್ಯಾಲ ಹತ್ತು ಕೊಟ್ಟಮ್ಯಾಲ ಕೆಳಗೂ ಒಂದು ಕೊಡಬೇಕ್ರಿ. ಕೆಳಗಿನ ಎರಡು ಮೂರಾತು. ನಾಕರಾಗ ಮೂರು ಹೋದ್ರ ಒಂದು." ಒಂದು ಬರೆದಳು. ಹದಿನಾಲ್ಕು.

ಇಂದಿರಾಬಾಯಿ ಪಾಟಿಯನ್ನೇ ನೋಡಿದರು. ಅವರ ರೀತಿಯಲ್ಲಿ ಮೇಲಿನ ಐದು ನಾಲ್ಕಾಗಬೇಕು, ಕೆಳಗಿನದು ಇದ್ದ ಹಾಗೇ ಇರಬೇಕು. ನಿಜಗುಣಪ್ಪನವರ ರೀತಿಯಲ್ಲಿ ಮೇಲಿನ ಐದು ಐದೇ ಇರಬೇಕು, ಕೆಳಗಿನ ಎರಡು ಮೂರಾಗಬೇಕು. ಯಾವುದನ್ನು ಮಾಡಿದರೂ ಇಪ್ಪತ್ತನಾಲ್ಕು ಬರುತ್ತದೆ. ಹುಡುಗಿ ಎರಡನ್ನೂ ಮಾಡಿದ್ದಳು.

"ಎರಡೂ ಯಾಕ ಮಾಡಿದಿ, ಶಟ್ಟೆವ್ವಾ?"

ಹುಡುಗಿ ಸೆರಗಿನ ಹಾಗೆ ಹೊದ್ದಿದ್ದ ಲಂಗದ ಮೇಲಿನ ಬಟ್ಟೆಯ ತುದಿಯನ್ನು ಬೆರಳಿಗೆ ಸುತ್ತಿಕೊಂಡಳು. "ನೀವು ಹೇಳಿದ್ದೂ ಮಾಡಬೇಕು, ಮಾಸ್ತರ ಹೇಳಿದ್ದೂ ಮಾಡಬೇಕಲ್ರಿ. ಒಬ್ಬರದು ಬಿಟ್ರ ಅವರಿಗೆ ಬ್ಯಾಸರ ಆಗತೈತ್ರಿ."

"ಸಣ್ಣ ಸರ್ ಹೇಳಿದ್ದು?"

"ಅವರು ಸೊನ್ನಿ ಬರದು ಹೊಡದು ಹಾಕಂತಿದ್ರು. ಅದನ್ನೂ ಮಾಡತಿದ್ನಿ, ಪಾಟಿಯೊಳಗ ಜಾಗಾ ಸಾಲೂದಿಲ್ರಿ." ಆಮೇಲೆ ಅಂಜಿಕೊಂಡು ಕೇಳಿದಳು, "ನನ್ನದು ತಪ್ಪೇನ್ರಿ?"

ದೂರದಲ್ಲಿ ನೀರಿನ ಮೇಲೆ ಯಾರದೋ ತೆಪ್ಪ ಅಲುಗದೆ ನಿಂತಿತ್ತು. ಅದು ನಿಂತಲ್ಲಿ, ಅದರ ಕೆಳಗೆ, ತಮ್ಮ ಹಳೆಯ ಶಾಲೆ ಇರಬೇಕೆಂದು ಇಂದಿರಾಬಾಯಿಗೆ ಅನಿಸಿತು. ಅಲ್ಲಿ ಈಗ ಮೀನುಗಳು ಒಂದು ಕೋಣೆಯಿಂದ ಇನ್ನೊಂದು ಕೋಣೆಗೆ ಹೋಗಿ ಬರುತ್ತಿರಬಹುದು. ಶಟ್ಟೆವ್ವ ಮತ್ತೆ ಕೇಳಿದಳು.

"ನಿಂದು ತಪ್ಪಲ್ಲವ್ವಾ," ಎಂದರು. "ಹೋಗು, ಉಣ್ಣು ಹೋಗು."

ಸಂಜೆ ಅವರು ಈ ಮಾತನ್ನು ಇಬ್ಬರಿಗೂ ಹೇಳಿದರು. ನಿಜಗುಣಪ್ಪ, "ನನಗ ಬ್ಯಾಸರ ಆಗಬಾರ್ದಂತ ಮಾಡೇತಂತ?" ಎಂದು ಕೇಳಿದರು. "ಹೌದ್ರಿ," ಎಂದರು ಇಂದಿರಾಬಾಯಿ. ಆ ಶನಿವಾರ ನಿಜಗುಣಪ್ಪ ಹನ್ನೊಂದಕ್ಕೆ ಮಕ್ಕಳನ್ನು ಬಿಟ್ಟ ಮೇಲೆ, ಮನೆಗೆ ಹೋಗದೆ ತಮ್ಮ ಖುರ್ಚಿಯನ್ನು ಬದಿಗೆ ಸರಿಸಿ ಚಾಪೆಯ ಮೇಲೆ ಬಂದು ಕುಳಿತರು.

ಹೇಗೆ ಶುರುಮಾಡಬೇಕೆಂದು ಯಾರಿಗೂ ತಿಳಿಯಲಿಲ್ಲ. ಒಬ್ಬರ ಎದುರಿಗೆ ಒಬ್ಬರು ಪಾಠ ಮಾಡುವುದೆಂದರೆ ಹೊಸ ಮದುವೆಯವರ ಹಾಗೆ ನಾಚಿಕೆ. ಕೊನೆಗೆ ಇಂದಿರಾಬಾಯಿಯೇ ದಾರಿ ಹೇಳಿದರು: ಒಬ್ಬರು ಮಾಸ್ತರಾಗುವುದು, ಉಳಿದಿಬ್ಬರು ಮಕ್ಕಳಾಗಿ ಕೂತು ತಿಳಿಯದ್ದನ್ನು ಕೇಳುವುದು.

ಮೊದಲು ಅವರೇ ಹಲಗೆಯ ಮುಂದೆ ನಿಂತರು. ಬಾಜೂಮನೆಯಿಂದ ಕಡ ತರುವ ತನಕ ಎಲ್ಲ ಸರಿಯಾಗಿ ನಡೆಯಿತು. ಕೃಷ್ಣಾಜಿ ಕೈ ಎತ್ತಿ, "ಕಡ ತಂದದ್ದನ್ನ ಯಾವಾಗ ತಿರುಗಿ ಕೊಡೋದ್ರಿ, ಅಕ್ಕೋರ?" ಎಂದು ಕೇಳಿದ. ಇಂದಿರಾಬಾಯಿ ಅಷ್ಟು ವರ್ಷ ಅದೇ ಮಾತು ಹೇಳಿದ್ದರೂ ಯಾವ ಹುಡುಗಿಯೂ ಆ ಪ್ರಶ್ನೆ ಕೇಳಿರಲಿಲ್ಲ, ಕೇಳಬೇಕೆನಿಸಿದರೂ ಕೇಳಿರಲಿಕ್ಕಿಲ್ಲ. ಅವರಿಗೆ ನಗು ಬಂತು. ನಗುತ್ತಲೇ ಜೋಳದ ದಂಟಿನ ಕಡ್ಡಿಗಳನ್ನು ತರಿಸಿ, ಹತ್ತು ಹತ್ತು ಸೇರಿಸಿ ದಾರದಿಂದ ಕಟ್ಟಿದರು. ಐದು ಕಟ್ಟು, ಎರಡು ಬಿಡಿ. ಎರಡರಲ್ಲಿ ಎಂಟು ತೆಗೆಯಲು ಬರುವುದಿಲ್ಲ. ಒಂದು ಕಟ್ಟಿನ ದಾರ ಬಿಚ್ಚಿದರು. ನಾಲ್ಕು ಕಟ್ಟು, ಹನ್ನೆರಡು ಬಿಡಿ.

"ಇದು ಕಡ ಅಲ್ರಿ," ಎಂದ ಕೃಷ್ಣಾಜಿ ಮೆಲ್ಲಗೆ. "ನಮ್ಮ ಕಟ್ಟು ನಾವಽ ಬಿಚ್ಚಿದ್ದು."

ಮುಂದಿನ ಶನಿವಾರ ಅವನ ಸರದಿ. ಪುಸ್ತಕದಲ್ಲಿದ್ದಂತೆ ದೊಡ್ಡ ವೃತ್ತ ಬರೆದು ಅದರೊಳಗೆ ಸೊನ್ನೆಗಳನ್ನು ತುಂಬಿ ಹೊಡೆದು ಹಾಕುತ್ತ ಹೋದ. ನಿಜಗುಣಪ್ಪ ಮಗುವಿನ ಹಾಗೆ ಕೈ ಕಟ್ಟಿ ಕುಳಿತು, "ಇನ್ನೂರರಾಗ ನೂರಾ ಅರವತ್ತು ಕಳೀಬೇಕಂದ್ರ ಎಷ್ಟು ಸೊನ್ನಿ ತಗೀಲ್ರಿ, ಸರ್?" ಎಂದು ಕೇಳಿದರು. ಕೃಷ್ಣಾಜಿಯ ಕಿವಿ ಕೆಂಪಾಯಿತು. ತರಬೇತಿಯಲ್ಲಿ ಒಂಬತ್ತರ ಆಚೆ ಯಾರೂ ಹೋಗಿರಲಿಲ್ಲ ಎಂದು ಒಪ್ಪಿಕೊಂಡ.

ಮೂರನೆಯ ಶನಿವಾರ ನಿಜಗುಣಪ್ಪ ಹಲಗೆಯ ಮುಂದೆ ನಿಂತರು. ಅವರ ಅಕ್ಷರ ಅಚ್ಚಿನಂತೆ. ಧ್ವನಿಯಲ್ಲಿ ಆ ಹಳೆಯ ರಾಗ ಇನ್ನೂ ಇತ್ತು. ಮೇಲೆ ಹತ್ತು ಕೊಟ್ಟರು, ಕೆಳಗೆ ಒಂದು ಕೊಟ್ಟರು, ಉತ್ತರ ಬರೆದರು.

"ಮ್ಯಾಲೆ ಹತ್ತು ಕೊಟ್ರ ಕೆಳಗ ಒಂದು ಯಾಕ ಕೊಡಬೇಕ್ರಿ?" ಎಂದು ಕೇಳಿದರು ಇಂದಿರಾಬಾಯಿ.

"ಕೊಡಬೇಕು. ಹಂಗಽ ಐತಿ."

"ಯಾಕ್ರಿ?"

ನಿಜಗುಣಪ್ಪ ಖಡು ಹಿಡಿದ ಕೈಯನ್ನು ಹಲಗೆಯ ಮೇಲೆಯೇ ಇಟ್ಟು ನಿಂತರು. "ನಮ್ಮ ಗುರುಗಳು ಹೇಳಿಕೊಟ್ಟದ್ದು," ಎಂದರು. "ಯಾಕಂತ ಅವರನ್ನ ಕೇಳಿದ್ರ ಕೈಮ್ಯಾಲ ಛಡಿ ಬೀಳತಿತ್ತು. ನಾ ಕೇಳಲಿಲ್ಲ." ಖಡುವನ್ನು ಕಿಟಕಿಯಲ್ಲಿಟ್ಟು, ಕೈ ಝಾಡಿಸಿಕೊಂಡು, ಹೊರಗೆ ನಡೆದರು. ಮುಂದಿನ ಎರಡು ಶನಿವಾರ ಅವರು ಕೂಡಲಿಲ್ಲ. ಇಂದಿರಾಬಾಯಿ ಮತ್ತು ಕೃಷ್ಣಾಜಿ ಇಬ್ಬರೇ ಕೂತು, ಸುಮ್ಮನೆ ಕಡ್ಡಿಗಳನ್ನು ಕಟ್ಟುತ್ತ ಬಿಚ್ಚುತ್ತ, ಅವರ ದಾರಿ ನೋಡಿ ಎದ್ದುಹೋದರು. ನೋಯಿಸಿದೆನೇ ಎಂಬ ಚಿಂತೆ ಇಂದಿರಾಬಾಯಿಗೆ. ಹದಿನೆಂಟು ವರ್ಷ ಗೋಡೆಯಾಚೆ ಕೇಳಿದ ರಾಗ ತಮ್ಮ ಒಂದು ಪ್ರಶ್ನೆಗೆ ನಿಂತುಹೋಯಿತೆಂದು ಅವರಿಗೆ ಅನಿಸಿತು.

ಆ ಬೇಸಿಗೆ ನೀರು ಬಹಳ ಇಳಿಯಿತು. ಏಪ್ರಿಲ್ ಕೊನೆಗೆ ಪರೀಕ್ಷೆ ಮುಗಿದಿತ್ತು, ಪಾಸು-ನಾಪಾಸಿನ ನಿಕಾಲು ಇನ್ನೂ ಹೇಳಿರಲಿಲ್ಲ. ಒಂದು ಮುಂಜಾನೆ ಊರಿನವರೆಲ್ಲ ಎದ್ದು ನೋಡುವಾಗ ನೀರಿನ ನಡುವೆ ಕಪ್ಪು ಚುಕ್ಕೆಗಳು ಕಂಡವು. ಮರುದಿನ ಅವು ಗೋಡೆಗಳಾದವು. ಮೂರನೆಯ ದಿನಕ್ಕೆ ಹಳೆಯ ಸಂಗನಹೊಳೆ ಹೊರಗೆ ಬಂದಿತ್ತು.

ಜನ ಗುಂಪು ಗುಂಪಾಗಿ ಇಳಿದುಹೋದರು. ಇಂದಿರಾಬಾಯಿ ಕೃಷ್ಣಾಜಿಯನ್ನೂ ಶಟ್ಟೆವ್ವನನ್ನೂ ಕರೆದುಕೊಂಡು ಹೋದರು. ಒಣಗಿದ ಕೆಸರು ಕಾಲಡಿ ಹಪ್ಪಳದಂತೆ ಮುರಿಯುತ್ತಿತ್ತು. ಬಾಗಿಲಿಲ್ಲದ ಬಾಗಿಲುಗಳು, ಮಾಳಿಗೆಯಿಲ್ಲದ ಮನೆಗಳು. ಗೋಡೆಗಳ ತುಂಬ ಸಣ್ಣ ಶಂಖದ ಹುಳುಗಳು ಅಂಟಿಕೊಂಡು ಬಿಸಿಲಿಗೆ ಮಿನುಗುತ್ತಿದ್ದವು. ಯಾರೂ ಗಟ್ಟಿಯಾಗಿ ಮಾತಾಡುತ್ತಿರಲಿಲ್ಲ. ಒಬ್ಬ ಮುದುಕಿ ತನ್ನ ಒಲೆ ಇದ್ದ ಜಾಗದಲ್ಲಿ ಕುಕ್ಕುರುಗಾಲಲ್ಲಿ ಕೂತು, ಒಲೆ ಹೊತ್ತಿದೆಯೇನೋ ಎಂಬಂತೆ ಅದರತ್ತ ಕೈ ಚಾಚಿದ್ದಳು.

ಶಾಲೆಯಲ್ಲಿ ನಡುವಿನ ಗೋಡೆ ಕರಗಿಹೋಗಿತ್ತು. ಎರಡು ಕೋಣೆಗಳು ಕೂಡಿ ಒಂದಾಗಿ, ನೆಲದ ಮೇಲೆ ನಯವಾದ ಮೆಕ್ಕಲು ಮಣ್ಣು ಹಾಸಿತ್ತು. ಅದರ ಮೇಲೆ ಕೊಕ್ಕರೆಯ ಹೆಜ್ಜೆಗಳು ಈಚೆಯಿಂದ ಆಚೆಗೆ ಹೋಗಿದ್ದವು. ಇಂದಿರಾಬಾಯಿ ಆ ಹೆಜ್ಜೆಗಳ ಬದಿಯಲ್ಲೇ ನಡೆಯುತ್ತ ಹೋಗಿ ನಿಂತಾಗ, ತಾವು ನಿಂತಿರುವುದು ನಿಜಗುಣಪ್ಪ ಮಾಸ್ತರ ತರಗತಿಯಲ್ಲಿ ಎಂದು ಹೊಳೆಯಿತು. ಎದುರಿನ ಗೋಡೆಯಲ್ಲಿ ಅವರು ಕರಿ ಬಣ್ಣ ಬಳಿಸಿದ್ದ ಹಲಗೆ ಇನ್ನೂ ಕಪ್ಪಾಗಿತ್ತು. ಅಲ್ಲಿಂದ ತಮ್ಮ ಕೋಣೆಯ ಕಡೆ ತಿರುಗಿ ನೋಡಿದರು. ಅದು ತಮಗೆ ನೆನಪಿದ್ದದ್ದಕ್ಕಿಂತ ಬಹಳ ಸಣ್ಣದಿತ್ತು.

"ಅಕ್ಕೋರ, ಇತ್ಲಾಗ ಬರ್ರಿ," ಎಂದು ಯಾರೋ ಕೂಗಿದರು.

ಹೊಳೆಗೆ ಇಳಿಯುವ ಹಳೆಯ ಕಲ್ಲಿನ ಪಾವಟಿಗೆಗಳ ಮೇಲೆ ನಿಜಗುಣಪ್ಪ ನಿಂತಿದ್ದರು. ಧೋತರದ ಅಂಚಿಗೆಲ್ಲ ಕೆಸರು. ಬೆಳಗಿನಿಂದ ಅಲ್ಲೇ ಇದ್ದವರ ಹಾಗೆ ಕಂಡರು. ನಮಸ್ಕಾರವನ್ನೂ ಮಾಡದೆ, "ಕೃಷ್ಣಾಜಿ, ನೀವು ಆ ಮ್ಯಾಲಿನ ಪಾವಟಿಗಿ ಮ್ಯಾಲ ನಿಲ್ರಿ. ಶಟ್ಟೆವ್ವಾ, ನೀ ಇಲ್ಲಿ, ಕೆಳಗ ನಿಲ್ಲು," ಎಂದರು. ಇಬ್ಬರೂ ನಿಂತರು. "ಇವರಿಬ್ಬರ ನಡುವ ಎಷ್ಟು ಪಾವಟಿಗಿ ಅದಾವು, ಅಕ್ಕೋರ?"

ಇಂದಿರಾಬಾಯಿ ಎಣಿಸಿದರು. "ನಾಕು."

"ಈಗ ಇಬ್ರೂ ಹತ್ತು ಹತ್ತು ಏರ್ರಿ."

ಕೃಷ್ಣಾಜಿಯೂ ಹುಡುಗಿಯೂ ಎಣಿಸುತ್ತ ಏರಿದರು. ಕಲ್ಲುಗಳ ಮೇಲೆ ಪಾಚಿ ಒಣಗಿತ್ತು. ಶಟ್ಟೆವ್ವ ಪ್ರತಿ ಪಾವಟಿಗೆಗೂ ಎರಡೂ ಕಾಲು ಇಟ್ಟು, ಮತ್ತೆ ಮುಂದಿನದಕ್ಕೆ ಕಾಲಿಡುತ್ತಿದ್ದಳು.

"ಈಗ ಎಷ್ಟು?"

"ನಾಕಽ ಅದಾವ," ಎಂದರು ಇಂದಿರಾಬಾಯಿ, ಮತ್ತು ಅಷ್ಟರಲ್ಲೇ ಅವರಿಗೆ ತಿಳಿಯಿತು.

"ಇಬ್ಬರಿಗೂ ಹತ್ತು ಕೊಟ್ನಿ," ಎಂದರು ನಿಜಗುಣಪ್ಪ. "ನಡುವಿಂದು ಹೆಚ್ಚಾಗಲಿಲ್ಲ, ಕಡಿಮಿ ಆಗಲಿಲ್ಲ. ಮ್ಯಾಲಿನವರಿಗೆ ಬಿಡಿ ಹತ್ತು ಕೊಟ್ನಿ. ಕೆಳಗಿನವರಿಗೆ ನಿಮ್ಮ ಕಟ್ಟಿನ್ಹಂಗ ಕಟ್ಟಿದ ಹತ್ತು, ಒಂದು, ಕೊಟ್ನಿ. ಎರಡೂ ಹತ್ತಽ. ಮುಂಜಾನಿ ನಾ ಇಲ್ಲಿ ಬಂದಾಗ ನಮ್ಮ ಓಣ್ಯಾಗಿನ ಹಣಮಂತಪ್ಪ ನನ್ನ ಮುಂದ ಏರಾಕ ಹತ್ತಿದ್ದ. ಹಿಡೀಬೇಕಂತ ನಾನೂ ಏರಿದೆ. ಅಂವಾ ಒಂದು ಏರಿದ್ರ ನಾ ಒಂದು ಏರತಿದ್ನಿ. ನಡುವ ಇದ್ದದ್ದು ಹಂಗಽ ಇತ್ತು. ಅರ್ಧಕ್ಕ ನಿಂತುಬಿಟ್ನಿ." ಅವರು ಪಾವಟಿಗೆಯ ಮೇಲೆ ಕುಳಿತುಕೊಂಡರು. "ಇಪ್ಪತ್ತೆಂಟು ವರ್ಷ ಕಲಿಸೇನಿ, ಅಕ್ಕೋರ. ಇವತ್ತು ಮುಂಜಾನಿ ತಿಳೀತು."

ಅವರ ಕಣ್ಣಲ್ಲಿ ನೀರಿತ್ತು. ಇಂದಿರಾಬಾಯಿ ಎರಡು ಪಾವಟಿಗೆ ಬಿಟ್ಟು ಕುಳಿತರು. ಕೆಳಗೆ, ಮೊದಲಿನ ಹೊಳೆ ಹಿಂದೆ ಹರಿಯುತ್ತಿದ್ದ ದಾರಿಯಲ್ಲೇ, ತೆಳ್ಳಗಾಗಿ, ಸದ್ದಿಲ್ಲದೆ ಹರಿಯುತ್ತಿತ್ತು. ತಾವೂ ಇಷ್ಟು ವರ್ಷ ತಿಳಿಯದೆ ಹೇಳಿದ ಮಾತುಗಳು ಎಷ್ಟೋ ಎಂದು ಅವರಿಗೆ ಅನಿಸಿತು. ಅದರಿಂದ ಅವಮಾನವಾಗಲಿಲ್ಲ, ಹಗುರವಾಯಿತು.

"ಈಗ ನಿಮ್ಮದನ್ನ ಬಿಡ್ರಿ ಅಂತ ನಾ ಹ್ಯಾಂಗ ಹೇಳಲಿ?" ಎಂದರು.

"ತಿಳೀಲಾರದಾಗ ಬಿಡಾಕ ಆಗತಿದ್ದಿಲ್ಲ," ಎಂದರು ನಿಜಗುಣಪ್ಪ. "ತಿಳಿದ ಮ್ಯಾಲ ಬಿಡಾಕ ಬರತೈತಿ. ಒಂದರಿಂದ ನಾಕರತನಾ ಕಟ್ಟು ಬಿಚ್ಚೂದು. ನಾನೂ ನಾಕನೇತ್ತಿಗೆ ಅದನ್ನಽ ಹೇಳತೇನಿ, ನಿಮ್ಮ ಮಾತಿನಾಗಽ ಹೇಳತೇನಿ. ಐದನೇತ್ತಿಗೆ ಬಂದಮ್ಯಾಲ, ಬೇಕಾದ್ರ, ಪಾವಟಿಗಿ ತೋರಸ್ತೇನಿ."

ಜೂನ್‌ನಲ್ಲಿ ಶಾಲೆ ಶುರುವಾದಾಗ ಮೂವರೂ ಸೇರಿ ಒಂದು ವಹಿಯನ್ನು ಮಾಡಿದರು. ಯಾವ ಇಯತ್ತೆಯಲ್ಲಿ ಯಾವ ಲೆಕ್ಕ, ಅದಕ್ಕೆ ಯಾವ ಮಾತು, ಯಾವ ವಸ್ತು ಎಂದು ಅದರಲ್ಲಿ ಬರೆದರು. ಕಡ ಎಂಬ ಮಾತು ಹೋಗಿ ಬಿಚ್ಚುವುದು ಎಂಬ ಮಾತು ಬಂತು. ಹೆಸರು ಒಂದೇ ಇರಲೆಂದು ಕಳೆಯುವ ಲೆಕ್ಕ ಎಂದೇ ಇಟ್ಟುಕೊಂಡರು. ಪುಸ್ತಕದ ಹೆಸರನ್ನು ಐದನೆಯ ಇಯತ್ತೆಯಲ್ಲಿ ಹೇಳುವುದೆಂದಾಯಿತು. ಆ ವರ್ಷದ ಸುತ್ತೋಲೆಯಲ್ಲಿ ಏಳು ಕಾಲಮುಗಳು ಒಂಬತ್ತಾಗಿದ್ದವು. ಕೃಷ್ಣಾಜಿ ಒಂಬತ್ತರಲ್ಲೂ ಅದೇ ಕಡ್ಡಿ ಕಟ್ಟುಗಳ ಪಾಠವನ್ನು ಒಂಬತ್ತು ರೀತಿಯ ಮಾತುಗಳಲ್ಲಿ ಸುಂದರವಾಗಿ ತುಂಬಿದ. ಅವನ ವೃತ್ತಗಳೂ ಉಳಿದವು: ಖಡುವಿನಿಂದ ನೆಲದ ಮೇಲೆ ವೃತ್ತ ಬರೆದು ಅದರೊಳಗೇ ಕಟ್ಟುಗಳನ್ನು ಇಡಿಸುತ್ತಿದ್ದ.

ವಾರಕ್ಕೊಮ್ಮೆ ಒಬ್ಬರು ಇನ್ನೊಬ್ಬರ ತರಗತಿಯಲ್ಲಿ ಹೋಗಿ ಕೂಡುತ್ತಿದ್ದರು. ಹೆಡ್ ಮಾಸ್ತರರು ಮೊಳಕಾಲು ಮಡಚಿ ಒಂದನೆಯ ಇಯತ್ತೆಯ ಮಕ್ಕಳ ನಡುವೆ ಕೂತ ಮೊದಲ ದಿನ ಮಕ್ಕಳು ಉಸಿರು ಬಿಡಲೂ ಅಂಜಿದರು. ಎರಡನೆಯ ಸಲ ಒಂದು ಹುಡುಗಿ ಅವರ ತೊಡೆಯ ಮೇಲೆ ತನ್ನ ಪಾಟಿ ಇಟ್ಟುಕೊಂಡು ಬರೆಯತೊಡಗಿದಳು. ಎಲ್ಲವೂ ಸುಲಭವಾಗಲಿಲ್ಲ. ತಪ್ಪು ಬರೆದಿದ್ದ ಆ ಒಂಬತ್ತು ಮಕ್ಕಳಲ್ಲಿ ಇಬ್ಬರು ದೀಪಾವಳಿಯವರೆಗೂ ಹತ್ತು ಕಡಿಮೆಯೇ ಬರೆದರು. ಮಹಾಂತಪ್ಪ ಎಂಬ ರೈತ ಬಂದು, ಕಾಲು-ಅರ್ಧದ ಮಗ್ಗಿ ಬರದ ಮಗ ಯಾವ ಸಂತೆಗೆ ಉಪಯೋಗ ಎಂದು ಬಯ್ದುಹೋದ. ಆ ಮೇಲೆ ನಿಜಗುಣಪ್ಪ ಶನಿವಾರದ ಕೊನೆಯ ಅರ್ಧ ತಾಸು ಎಲ್ಲ ಇಯತ್ತೆಗಳನ್ನೂ ಪಡಸಾಲೆಯಲ್ಲಿ ಕೂರಿಸಿ ಅದನ್ನು ಹೇಳಿಸತೊಡಗಿದರು. ವಹಿಯಲ್ಲಿ ಅದನ್ನು ಹಾಡು ಎಂದು ಬರೆದರು. ಮಳೆಗಾಲದ ಮೋಡದ ಕೆಳಗೆ, ತುಂಬುತ್ತಿರುವ ನೀರಿನ ಎದುರು, ಆ ರಾಗ ಎದ್ದಾಗ ಇಂದಿರಾಬಾಯಿ ಕಣ್ಣು ಮುಚ್ಚಿ ಕೇಳುತ್ತಿದ್ದರು. ಈಗ ಅದು ಗೋಡೆಯಾಚೆಯಿಂದ ಬರುತ್ತಿರಲಿಲ್ಲ.

ಎಪ್ಪತ್ತೇಳರ ಫೆಬ್ರುವರಿಯಲ್ಲಿ ಸಾಹೇಬರು ಮತ್ತೆ ಬಂದರು. ಮೊದಲು ತೋಟ ನೋಡಿದರು. ಹೊಸ ಗಣಿತದಲ್ಲಿ ಬಂದಿದ್ದ ಗಣಗಳ ತಕ್ತೆ ಎಲ್ಲಿ ಎಂದು ಕೇಳಿದರು. ಆಮೇಲೆ ಐದನೆಯ ಇಯತ್ತೆಗೆ ಬಂದು, ಹಳೆಯ ಶೇರಾ ನೋಡಿಕೊಂಡು, ಶಟ್ಟೆವ್ವನನ್ನೇ ಎಬ್ಬಿಸಿ ನಾಲ್ವತ್ತೊಂದರಲ್ಲಿ ಹದಿನೈದು ಕಳೆಯಲು ಹೇಳಿದರು.

ಶಟ್ಟೆವ್ವ ಹಲಗೆಯ ಹತ್ತಿರ ಹೋಗಿ ತಿರುಗಿ ನಿಂತಳು. "ಕಟ್ಟು ಬಿಚ್ಚಿ ಮಾಡ್ಲ್ಯೋ, ಪಾವಟಿಗಿ ಏರಿ ಮಾಡ್ಲ್ಯೋ, ಸಾಹೇಬ್ರ?"

ಸಾಹೇಬರಿಗೆ ಅರ್ಥವಾಗಲಿಲ್ಲ. "ಎರಡೂ ಮಾಡು," ಎಂದರು.

ಅವಳು ಹಲಗೆಯ ನಡುವೆ ಒಂದು ಗೆರೆ ಎಳೆದು, ಒಂದು ಬದಿಗೆ ಒಂದು, ಇನ್ನೊಂದು ಬದಿಗೆ ಇನ್ನೊಂದು ಮಾಡಿದಳು. ಎರಡೂ ಬದಿಗೆ ಇಪ್ಪತ್ತಾರು ಬಂತು. ಯಾಕೆ ಹಾಗೆ ಎಂದು ಕೇಳಿದ್ದಕ್ಕೆ ಇಬ್ಬರು ಹುಡುಗರನ್ನು ಶಾಲೆಯ ಮುಂದಿನ ಪಾವಟಿಗೆಗಳ ಮೇಲೆ ನಿಲ್ಲಿಸಿ ತೋರಿಸಲು ಹೊರಟಳು. ಅಲ್ಲಿದ್ದದ್ದು ಬರೀ ಐದು ಪಾವಟಿಗೆ. ಇಬ್ಬರನ್ನೂ ಎರಡೆರಡು ಏರಿಸಿ, ಹತ್ತು ಎಂದು ತಿಳ್ಕೋರಿ ಎಂದಳು. ಸಾಹೇಬರು ಬಹಳ ಹೊತ್ತು ಬಿಸಿಲಿನಲ್ಲಿ ನಿಂತು ನೋಡಿದರು. ಚಹಾ ಆರಿತು. ಭೇಟಿ ಪುಸ್ತಕದಲ್ಲಿ ಅವರು ಬರೆದದ್ದು ಇಷ್ಟೇ: ಗಣಿತ ಸಮಾಧಾನಕರ. ಗಣಗಳ ತಕ್ತೆ ಇಲ್ಲ.

ಜೂನ್‌ನಲ್ಲಿ ಕೃಷ್ಣಾಜಿಗೆ ರಾಮದುರ್ಗಕ್ಕೆ ವರ್ಗವಾಯಿತು. ಅವನ ಜಾಗಕ್ಕೆ ಯಾರೂ ಬರಲಿಲ್ಲ. ಮೂರನೆಯ ಇಯತ್ತೆಯನ್ನು ಇಬ್ಬರೂ ಅರ್ಧರ್ಧ ದಿನ ಹಂಚಿಕೊಂಡರು. ಬೆಳಿಗ್ಗೆ ಒಬ್ಬರು ಬಿಟ್ಟ ಕಡೆಯಿಂದ ಮಧ್ಯಾಹ್ನ ಇನ್ನೊಬ್ಬರು ಹಿಡಿಯುತ್ತಿದ್ದರು, ಮಕ್ಕಳಿಗೆ ವ್ಯತ್ಯಾಸ ತಿಳಿಯುತ್ತಿರಲಿಲ್ಲ.

ದೀಪಾವಳಿಯ ಸೂಟಿಯಲ್ಲಿ ಕೃಷ್ಣಾಜಿ ಬೈಲಹೊಂಗಲಕ್ಕೆ ಹೋಗುವ ಮೊದಲು ಸಂಗನಹೊಳೆಯಲ್ಲಿ ಇಳಿದ. ಮೂವರೂ ಶಾಲೆಯ ಪಡಸಾಲೆಯಲ್ಲಿ ಕುಳಿತರು. ನೀರು ತುಂಬಿ ಸಂಜೆಯ ಬಣ್ಣ ಹಿಡಿದಿತ್ತು. ಅಲ್ಲಿಯ ಶಾಲೆ ಹೇಗಿದೆ ಎಂದು ಇಂದಿರಾಬಾಯಿ ಕೇಳಿದರು.

"ಆರು ಮಂದಿ ಇದ್ದೇವ್ರಿ," ಎಂದ ಕೃಷ್ಣಾಜಿ. "ಒಂದು ದಿವ್ಸ ಎಲ್ಲಾರನ್ನೂ ಕೇಳಿದೆ, ನೀವು ಭಾಗಾಕಾರ ಹ್ಯಾಂಗ ಹೇಳಿಕೊಡ್ತೀರಂತ. ನಕ್ಕರು. ಈ ಹುಡುಗ್ಗ ಭಾಗಾಕಾರ ಬರೋದಿಲ್ಲೇನಂತ ಅಂದ್ರು. ಗಂಟಿ ಆತು, ಹೋದ್ರು. ಒಬ್ರು ಮಾತ್ರ ಹೋಗಲಿಲ್ರಿ. ಮಥುರಾಬಾಯಿ ಅಂತ, ವಯಸ್ಸಾದವರು. ಬಾಗಲದಾಗ ಸ್ವಲ್ಪ ಹೊತ್ತು ನಿಂತ್ರು. ಆಮ್ಯಾಲೆ ಬಂದು ಕೂತ್ರು."

"ಕೂತ್ರಲ್ಲ," ಎಂದರು ನಿಜಗುಣಪ್ಪ.

ಇಂದಿರಾಬಾಯಿ ಏನೋ ಯೋಚಿಸುತ್ತಿದ್ದರು. "ಭಾಗಾಕಾರ ನಾವೂ ಕೂಡಿ ನೋಡಿಲ್ಲ, ಮಾಸ್ತರ," ಎಂದರು. "ನೀವು ಹ್ಯಾಂಗ ಹೇಳ್ತೀರಿ?"

ನಿಜಗುಣಪ್ಪ ಖಡು ತೆಗೆದುಕೊಂಡು ಕಲ್ಲುಹಾಸಿನ ಮೇಲೆ ಬರೆಯತೊಡಗಿದರು. ಎರಡು ಗೆರೆ ಎಳೆಯುವಷ್ಟರಲ್ಲಿ ಇಂದಿರಾಬಾಯಿ ಮುಂದಕ್ಕೆ ಬಾಗಿ, "ಅಲ್ಲಿ ಯಾಕ ಬರದ್ರಿ ಅದನ್ನ?" ಎಂದು ಕೇಳಿದರು. ನಿಜಗುಣಪ್ಪ ಕೈ ನಿಲ್ಲಿಸಿ, ತಾವು ಬರೆದದ್ದನ್ನು ನೋಡಿಕೊಂಡರು. ಕೃಷ್ಣಾಜಿ ತನ್ನ ಚೀಲವನ್ನು ಬದಿಗಿಟ್ಟು ಹತ್ತಿರ ಸರಿದು ಕುಳಿತ.